ಪ್ರಕಟವಾಗದ ಮತ್ತು ಕಳೆದುಹೋದ ವಿಡಿಯೋ ಗೇಮುಗಳು

ಗೃಹಬಳಕೆಯ ಗಣಕಗಳಿಗೂ ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲುಗಳಿಗೂ ಎಂದು ರಚಿತವಾಗಿ, ಯಾವುದೋ ಕಾರಣದಿಂದ ಮಾರುಕಟ್ಟೆಯ ಮುಖವನ್ನೇ ಕಾಣದೆಹೋದ ಆಟಗಳೂ, ಒಮ್ಮೆ ಜನರ ಕೈಸೇರಿದ್ದು ಮುಂದೆ ಒಂದು ಪ್ರತಿಯೂ ದೊರೆಯದಂತೆ ಅಳಿದುಹೋದ ಆಟಗಳೂ ಈ ಲೇಖನದ ವಿಷಯ. ಕಾಲದ ದೃಷ್ಟಿಯಿಂದ, 1977ರಲ್ಲಿ ಅಮೆರಿಕದಲ್ಲಿ ಹೊರಬಂದ ಅಟಾರಿ 2600 ಕನ್ಸೋಲಿನಿಂದ ಮೊದಲ್ಗೊಂಡು, 1982ರ ಝಡ್‌ಎಕ್ಸ್ ಸ್ಪೆಕ್ಟ್ರಂ ಮತ್ತು ಕಮೊಡೋರ್ 64 ಗಣಕಗಳು, 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಹೆಸರಿನಿಂದ ಬಂದ ನಿಂಟೆಂಡೊ ಯಂತ್ರ, 1988ರ ಸೆಗಾ ಮೆಗಾ ಡ್ರೈವ್ ಇವುಗಳನ್ನು ಹಾದು ಇಪ್ಪತ್ತನೆಯ ಶತಮಾನದ ಅಂತ್ಯದವರೆಗಿನ ಅವಧಿ ಇಲ್ಲಿ ಮುಖ್ಯವಾದುದು. ಈ ಅವಧಿಯಲ್ಲಿ ಆಟವನ್ನು ಬರೆಯುವವರು ಅನೇಕವೇಳೆ ಒಬ್ಬರೋ ಇಬ್ಬರೋ ಆಗಿದ್ದರು. ಅದನ್ನು ಮಾರುವ ಸಂಸ್ಥೆಗಳು ಒಂದು ಕ್ರಿಸ್ಮಸ್ಸಿನಲ್ಲಿ ಹುಟ್ಟಿ ಮತ್ತೊಂದರೊಳಗೆ ದಿವಾಳಿಯಾಗುತ್ತಿದ್ದವು. ಬರೆದದ್ದನ್ನು ಕಾಪಿಡಬೇಕೆಂಬ ಕರ್ತವ್ಯ ಯಾರ ಪಾಲಿಗೂ ಬಂದಿರಲಿಲ್ಲ. ಗುಣದಲ್ಲಿ ಕೀಳಾದದ್ದು ಕಾಲದ ಜರಡಿಯಲ್ಲಿ ಸೋರಿಹೋಯಿತು, ಮೇಲಾದದ್ದು ನಿಂತಿತು ಎಂಬ ಸಾಮಾನ್ಯ ನಂಬಿಕೆ ಈ ಕ್ಷೇತ್ರದ ಮಟ್ಟಿಗೆ ಸತ್ಯವಲ್ಲ. ಪೂರ್ಣಗೊಂಡು, ಪರೀಕ್ಷೆಗೊಳಗಾಗಿ, ಒಳ್ಳೆಯದೆನಿಸಿಕೊಂಡ ಆಟಗಳೇ ಕೇವಲ ವ್ಯಾಪಾರದ ಲೆಕ್ಕಾಚಾರದಿಂದ ಪೆಟ್ಟಿಗೆ ಸೇರಿದ ಉದಾಹರಣೆಗಳು ಮುಂದೆ ಬರುತ್ತವೆ.

ನಷ್ಟದಲ್ಲಿಯೂ ತರತಮಗಳುಂಟು. ಹೆಸರೊಂದನ್ನು ಬಿಟ್ಟು ಬೇರೇನೂ ಉಳಿಯದ ಆಟಗಳಿವೆ: ಪತ್ರಿಕೆಯ ಜಾಹೀರಾತಿನಲ್ಲಿ, ಮುಂಬರುವ ಆಟಗಳ ಪಟ್ಟಿಯಲ್ಲಿ, ಇನ್ನೊಂದು ಆಟದ ಕೊನೆಯ ಪರದೆಯ ಸಾಲಿನಲ್ಲಿ ಅವುಗಳ ಉಲ್ಲೇಖ ಮಾತ್ರ ಸಿಗುತ್ತದೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಈ ಸ್ಥಿತಿ ಹೊಸದಲ್ಲ. ಕವಿರಾಜಮಾರ್ಗವು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಗದ್ಯಕಾರರೆಂದು ಹೆಸರಿಸುತ್ತದೆಯಾದರೂ ಅವರ ಕನ್ನಡ ಗದ್ಯದ ಒಂದು ಪಂಕ್ತಿಯೂ ನಮಗೆ ದಕ್ಕಿಲ್ಲ, ರನ್ನನ ಪರಶುರಾಮಚರಿತವೂ ಹೆಸರಾಗಿಯೇ ಉಳಿದಿದೆ. ಎರಡನೆಯ ತರದವು ಅರ್ಧಕ್ಕೋ ಮುಕ್ಕಾಲಿಗೋ ನಿಂತುಹೋಗಿ, ಅಚ್ಚಿನ ಕರಡಿನಂತೆ ಒಂದೆರಡು ಪ್ರಾಯೋಗಿಕ ಪ್ರತಿಗಳಲ್ಲಿ ಸಿಕ್ಕುವಂಥವು. ಮೂರನೆಯವು ಸಂಪೂರ್ಣವಾಗಿ ಸಿದ್ಧವಾಗಿದ್ದೂ ಬಿಡುಗಡೆಯಾಗದವು. ನಾಲ್ಕನೆಯವು ವಾಸ್ತವವಾಗಿ ಮಾರಾಟವಾಗಿಯೋ ಪ್ರಸಾರವಾಗಿಯೋ ಬಳಿಕ ಕಾಣೆಯಾದವು. ಸಂಶೋಧಕನ ಕೆಲಸ ಪ್ರತಿಯೊಂದರಲ್ಲಿಯೂ ಬೇರೆಯಾಗುತ್ತದೆ. ಮೊದಲನೆಯದರಲ್ಲಿ ಆತ ಹಳೆಯ ಪತ್ರಿಕೆಗಳ ಓದುಗ, ಕೊನೆಯದರಲ್ಲಿ ಗುಜರಿ ಅಂಗಡಿಗಳ ಸಂಚಾರಿ.

ಮೊದಲ ತರದ ಆಟಗಳಲ್ಲಿ ಬಹಳ ಪ್ರಸಿದ್ಧವಾದವು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಇಮ್ಯಾಜಿನ್ ಸಾಫ್ಟ್‌ವೇರ್ ಸಂಸ್ಥೆಯ ‘ಬ್ಯಾಂಡರ್‌ಸ್ನ್ಯಾಚ್’ ಮತ್ತು ‘ಸೈಕ್ಲಾಪ್ಸ್’. 1982ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಒಂದೆರಡು ವರ್ಷಗಳೊಳಗೆ ಅಪಾರವಾದ ಹಣವನ್ನೂ ಅದಕ್ಕಿಂತ ಹೆಚ್ಚಿನ ಹೆಸರನ್ನೂ ಗಳಿಸಿ, ತನ್ನ ತರುಣ ಪ್ರೋಗ್ರಾಮರುಗಳ ದುಬಾರಿ ಕಾರುಗಳ ಸುದ್ದಿಯಿಂದಲೇ ಪತ್ರಿಕೆಗಳನ್ನು ತುಂಬಿ, 1984ರಲ್ಲಿ ‘ಮೆಗಾಗೇಮ್’ ಎಂಬ ಹೊಸ ಬಗೆಯ ಆಟಗಳನ್ನು ತರುವೆವೆಂದು ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ಗಣಕದ ಸ್ಮೃತಿ ಸಾಲದೆಂದು ಆಟದೊಡನೆ ಒಂದು ಹೆಚ್ಚುವರಿ ಯಂತ್ರಭಾಗವನ್ನೂ ಕೊಡುವ ಯೋಜನೆಯಿದ್ದಿತು. ಸಾಧಾರಣ ಕ್ಯಾಸೆಟ್ ಐದಾರು ಪೌಂಡಿಗೆ ಸಿಗುತ್ತಿದ್ದ ಕಾಲದಲ್ಲಿ ಇದರ ಬೆಲೆ ಸುಮಾರು 40 ಪೌಂಡ್ ಎಂದು ಹೇಳಲಾಗಿತ್ತು. ಜಾಹೀರಾತಿನಲ್ಲಿ ಆಟದ ಚಿತ್ರವಿರಲಿಲ್ಲ, ಅದನ್ನು ಬರೆಯುತ್ತಿದ್ದವರ ಭಾವಚಿತ್ರಗಳಿದ್ದವು. ಅದೇ ವೇಳೆಗೆ ಬಿಬಿಸಿಯ ‘ಕಮರ್ಷಿಯಲ್ ಬ್ರೇಕ್ಸ್’ ಎಂಬ ಸಾಕ್ಷ್ಯಚಿತ್ರಮಾಲೆಯವರು ಯಶಸ್ವೀ ಉದ್ಯಮವೊಂದರ ಕಥೆಯನ್ನು ಚಿತ್ರಿಸಬೇಕೆಂದು ಅಲ್ಲಿಗೆ ಬಂದಿದ್ದರು. 1984ರ ಜುಲೈ ತಿಂಗಳಿನಲ್ಲಿ ನ್ಯಾಯಾಲಯದ ಆಜ್ಞೆಯಿಂದ ಸಂಸ್ಥೆ ಮುಚ್ಚಿದಾಗ ಸಾಲ ಕೊಟ್ಟವರ ಪರವಾಗಿ ಜಪ್ತಿಗೆ ಬಂದವರೂ ಅದೇ ಕ್ಯಾಮೆರಾದ ಕಣ್ಣಿಗೆ ಬಿದ್ದರು. ಆ ಚಿತ್ರ ಆ ವರ್ಷದ ಡಿಸೆಂಬರಿನಲ್ಲಿ ಪ್ರಸಾರವಾಯಿತು. ಬ್ಯಾಂಡರ್‌ಸ್ನ್ಯಾಚಿನ ಕಲ್ಪನೆಯಲ್ಲಿ ಕೆಲವಂಶ, ಅದೇ ತಂಡದ ಅವಶೇಷದಿಂದ ಹುಟ್ಟಿದ ಸಿಗ್ನೋಸಿಸ್ ಸಂಸ್ಥೆಯ ಮೊದಲ ಆಟವಾದ ‘ಬ್ರಟಾಕಸ್’ನಲ್ಲಿ ಸೇರಿಕೊಂಡಿತು. ಜಾಹೀರಾತಿನಲ್ಲಿ ಹೆಸರಿಸಿದ್ದ ಆಟವಂತೂ ಬರಲಿಲ್ಲ. ಆಟವೊಂದರ ನಾಶದ ಬಗ್ಗೆ ಇಷ್ಟು ವಿವರವಾದ ದಾಖಲೆ ಉಳಿದು, ಆಟ ಮಾತ್ರ ಉಳಿಯದಿರುವುದು ಈ ಇತಿಹಾಸದ ವಿಷಾದಕರವಾದ ವೈಚಿತ್ರ್ಯಗಳಲ್ಲೊಂದು.

ಅಲ್ಟಿಮೇಟ್ ಪ್ಲೇ ದ ಗೇಮ್ ಎಂಬ ಮತ್ತೊಂದು ಆಂಗ್ಲ ಸಂಸ್ಥೆಯ ‘ಮೈರ್ ಮೇರ್’ ಇದಕ್ಕಿಂತಲೂ ಸೂಕ್ಷ್ಮವಾದ ಸುಳಿವನ್ನು ಬಿಟ್ಟಿದೆ. ‘ಸೇಬರ್ ವುಲ್ಫ್’ ಮಾಲೆಯ ಆಟಗಳನ್ನು ಮುಗಿಸಿದವರಿಗೆ ಕೊನೆಯ ಪರದೆಯಲ್ಲಿ ಮುಂದಿನ ಸಾಹಸದ ಸ್ಥಳವಾಗಿ ಆ ಹೆಸರು ಕಾಣುತ್ತಿದ್ದಿತು. ಆಡಿ ಗೆದ್ದ ಮಕ್ಕಳು ಪತ್ರಿಕೆಗಳಿಗೆ ಪತ್ರ ಬರೆದು ಕೇಳಿದರು, ಕಾದರು. ಸಂಸ್ಥೆಯವರು ಕ್ರಮೇಣ ‘ರೇರ್’ ಎಂಬ ಹೊಸ ಹೆಸರಿನಲ್ಲಿ ನಿಂಟೆಂಡೊ ಯಂತ್ರಗಳ ಕಡೆಗೆ ತಿರುಗಿದ್ದರಿಂದ ಆ ಆಟ ಬೆಳಕು ಕಾಣಲಿಲ್ಲ.

ಅಮೆರಿಕದಲ್ಲಿ ಇದೇ ಬಗೆಯ ನಷ್ಟಕ್ಕೆ ಹೆಚ್ಚಿನ ಕಾರಣವಾದದ್ದು 1983ರ ಮಾರುಕಟ್ಟೆಯ ಕುಸಿತ. ಅಂಗಡಿಗಳಲ್ಲಿ ಮಾರಾಟವಾಗದ ಆಟಗಳ ರಾಶಿ ಬೆಳೆದು, ಸುಮಾರು 320 ಕೋಟಿ ಡಾಲರುಗಳಷ್ಟಿದ್ದ ವಾರ್ಷಿಕ ವಹಿವಾಟು 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಇಳಿಯಿತೆಂದು ಅಂದಾಜು. ಅಟಾರಿ ಸಂಸ್ಥೆ 1983ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಎಂಬಲ್ಲಿ ಲಾರಿಗಟ್ಟಲೆ ಸರಕನ್ನು ನೆಲದಲ್ಲಿ ಹೂತು ಮೇಲೆ ಕಾಂಕ್ರೀಟು ಸುರಿಸಿತು. 2014ರ ಏಪ್ರಿಲ್ 26ರಂದು ಅಗೆದು ನೋಡಿದಾಗ ‘ಇ.ಟಿ.’ ಮೊದಲಾದ ಆಟಗಳ ಸುಮಾರು 1300 ಕಾರ್ಟ್ರಿಜುಗಳು ಹೊರಬಂದವು. ಹೂಳಲ್ಪಟ್ಟದ್ದೆಲ್ಲ ಬೇರೆಡೆ ವಿಪುಲವಾಗಿ ಉಳಿದಿದ್ದ ಆಟಗಳೇ ಆದುದರಿಂದ ಆ ಪ್ರಸಂಗಕ್ಕೆ ಸಿಕ್ಕಿರುವ ಪ್ರಸಿದ್ಧಿ ಅದರ ಮಹತ್ತ್ವಕ್ಕಿಂತ ಹೆಚ್ಚಿನದು. ನಿಜವಾದ ನಷ್ಟ ಕಚೇರಿಗಳಲ್ಲಿ ನಡೆಯಿತು: ಅರ್ಧ ಬರೆದ ಆಟಗಳ ಫ್ಲಾಪಿಗಳನ್ನೂ ಚಿಪ್ಪುಗಳನ್ನೂ ಅಳಿಸಿ ಬೇರೆ ಕೆಲಸಕ್ಕೆ ಬಳಸಿದರು, ಇಲ್ಲವೆ ಕೆಲಸ ಕಳೆದುಕೊಂಡ ನೌಕರರು ಪೆಟ್ಟಿಗೆಯಲ್ಲಿ ಹಾಕಿಕೊಂಡು ಮನೆಗೆ ಹೋದರು. ಹೀಗೆ ಮನೆಗೆ ಹೋದದ್ದೇ ಅನಂತರ ದೊರೆತದ್ದರ ಬಹುಭಾಗ.

ಆ ಕುಸಿತಕ್ಕೆ ಬಲಿಯಾದವುಗಳಲ್ಲಿ ಭಾರತೀಯ ಓದುಗರು ವಿಶೇಷವಾಗಿ ತಿಳಿಯತಕ್ಕದ್ದು ಅಟಾರಿಯ ‘ಸ್ವೋರ್ಡ್‌ಕ್ವೆಸ್ಟ್’ ಮಾಲೆ. ಪೃಥ್ವಿ, ಅಗ್ನಿ, ಜಲ, ವಾಯು ಎಂಬ ನಾಲ್ಕು ಭೂತಗಳ ಹೆಸರಿನಲ್ಲಿ ನಾಲ್ಕು ಆಟಗಳು. ಪ್ರತಿಯೊಂದರ ಜೊತೆಗೆ ಒಂದು ಚಿತ್ರಕಥೆಯ ಪುಸ್ತಿಕೆ. ಆಟದಲ್ಲಿ ವಸ್ತುಗಳನ್ನು ಸರಿಯಾದ ಕೋಣೆಗಳಲ್ಲಿ ಇಟ್ಟಾಗ ದೊರೆಯುವ ಅಂಕಿಗಳು ಪುಸ್ತಿಕೆಯ ಪುಟವನ್ನು ಸೂಚಿಸುತ್ತಿದ್ದವು, ಆ ಪುಟದಲ್ಲಿ ಅಡಗಿದ ಪದಗಳನ್ನು ಹುಡುಕಿ ಕಳುಹಿಸಿದವರು ಸ್ಪರ್ಧೆಗೆ ಅರ್ಹರಾಗುತ್ತಿದ್ದರು. ಚಿನ್ನ ಮತ್ತು ರತ್ನಗಳಿಂದ ಮಾಡಿದ ನಾಲ್ಕು ಬಹುಮಾನಗಳು ತಲಾ 25,000 ಡಾಲರ್ ಬೆಲೆಯವು, ಕೊನೆಯ ಖಡ್ಗ 50,000 ಡಾಲರಿನದು. ಒಂದೊಂದು ಆಟದ ಕೋಣೆಗಳ ವಿನ್ಯಾಸಕ್ಕೂ ಒಂದೊಂದು ಪ್ರಾಚೀನ ವಿದ್ಯೆ ಆಧಾರ: ಪೃಥ್ವಿಗೆ ದ್ವಾದಶ ರಾಶಿಗಳು, ಅಗ್ನಿಗೆ ಯಹೂದ್ಯರ ಕಬ್ಬಾಲಾ, ಜಲಕ್ಕೆ ನಮ್ಮ ಯೋಗಶಾಸ್ತ್ರದ ಚಕ್ರಗಳು. ಮೂಲಾಧಾರದಿಂದ ಸಹಸ್ರಾರದವರೆಗಿನ ಕ್ರಮವನ್ನು ಕೆಲವೇ ಸಾವಿರ ಅಕ್ಷರಗಳು ಹಿಡಿಸುವ ಕಾರ್ಟ್ರಿಜಿನಲ್ಲಿ ಕೋಣೆಗಳಾಗಿ ಜೋಡಿಸಲು ಯಾರೋ ಕುಳಿತು ಯೋಚಿಸಿದ್ದರೆಂಬುದೇ ಗೌರವಕ್ಕೆ ಪಾತ್ರವಾದ ಸಂಗತಿ. ಜಲಲೋಕದ ಆಟ 1984ರಲ್ಲಿ ಅಟಾರಿ ಕ್ಲಬ್ಬಿನ ಸದಸ್ಯರಿಗೆ ಮಾತ್ರ ಸಿಕ್ಕಿತು. ಚೀನೀಯರ ಐ ಚಿಂಗ್ ಗ್ರಂಥವನ್ನು ಅವಲಂಬಿಸಬೇಕಾಗಿದ್ದ ವಾಯುಲೋಕ ಬರಲೇ ಇಲ್ಲ. ಆ ವರ್ಷದ ಜುಲೈಯಲ್ಲಿ ಜ್ಯಾಕ್ ಟ್ರಾಮಿಯೆಲ್ ಸಂಸ್ಥೆಯ ಗೃಹೋಪಯೋಗಿ ವಿಭಾಗವನ್ನು ಕೊಂಡಮೇಲೆ ಮಾಲೆಯೂ ಸ್ಪರ್ಧೆಯೂ ನಿಂತವು. 2022ರಲ್ಲಿ ‘ಅಟಾರಿ 50’ ಎಂಬ ಸಂಕಲನಕ್ಕಾಗಿ ವಾಯುಲೋಕವನ್ನು ಹೊಸದಾಗಿ ರಚಿಸಿದರು. ಅದು ಆಶಯದ ಪೂರೈಕೆ, ಮೂಲದ ಪುನಃಪ್ರಾಪ್ತಿಯಲ್ಲ.

ಯಂತ್ರವೇ ಹುಟ್ಟದೆ ಅದರ ಆಟಗಳೆಲ್ಲ ಗರ್ಭದಲ್ಲಿಯೇ ಉಳಿದದ್ದಕ್ಕೆ ವೇಲ್ಸಿನ ಕೋನಿಕ್ಸ್ ಸಂಸ್ಥೆ 1989ರಲ್ಲಿ ಘೋಷಿಸಿದ ಮಲ್ಟಿಸಿಸ್ಟಂ ನಿದರ್ಶನ. ಹಣವಿಲ್ಲದೆ ಆ ಕನ್ಸೋಲ್ ಮಾರುಕಟ್ಟೆಗೆ ಬರಲಿಲ್ಲ. ಮಾಲೀಕರ ಅಭಿರುಚಿಯೂ ಒಮ್ಮೊಮ್ಮೆ ಅಡ್ಡಬಂದುದುಂಟು: ಪ್ಲೇಸ್ಟೇಷನ್ನಿನ ‘ಥ್ರಿಲ್ ಕಿಲ್’ ಮುಗಿದು ಸಿದ್ಧವಾಗಿದ್ದಾಗ ಅದರ ಹಕ್ಕು ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಗೆ ಸೇರಿ, 1998ರಲ್ಲಿ ಅದರ ಕ್ರೌರ್ಯ ಸಲ್ಲದೆಂದು ತಡೆಯಲಾಯಿತು. ಸೆಗಾ ಸ್ಯಾಟರ್ನಿಗೆಂದು ರಚಿಸುತ್ತಿದ್ದ ‘ಸೋನಿಕ್ ಎಕ್ಸ್‌ಟ್ರೀಮ್’ ತಂಡದವರ ಅನಾರೋಗ್ಯ ಮತ್ತು ಅವಧಿಯ ಒತ್ತಡಗಳಿಂದ ಕುಸಿಯಿತು.

ಆದರೆ ಸಿದ್ಧವಾದ ಇಲ್ಲವೆ ಬಹುಮಟ್ಟಿಗೆ ಸಿದ್ಧವಾಗಿದ್ದ ಕೃತಿಯನ್ನು ಹಿಂದಕ್ಕೆ ಸರಿಸಿದ ಪ್ರಕರಣಗಳು ನಿಂಟೆಂಡೊ ಯಂತ್ರಗಳಲ್ಲಿಯೇ ಎದ್ದುಕಾಣುತ್ತವೆ. ‘ಸ್ಟಾರ್ ಫಾಕ್ಸ್ 2’ 1995ರಲ್ಲಿಯೇ ಮುಗಿದಿದ್ದಿತು. ಮುಂದಿನ ವರ್ಷ ಬರಲಿದ್ದ ನಿಂಟೆಂಡೊ 64 ಯಂತ್ರದ ಮೂರು ಆಯಾಮದ ಆಟಗಳ ಪಕ್ಕದಲ್ಲಿ ಹಳೆಯ ಯಂತ್ರದ್ದು ಮಂಕಾಗಿ ಕಂಡೀತೆಂಬ ಅಳುಕಿನಿಂದ ಅದನ್ನು ತಡೆಹಿಡಿದರು. 22 ವರ್ಷಗಳ ತರುವಾಯ, 2017ರ ಸೆಪ್ಟೆಂಬರ್ 29ರಂದು, ಹಳೆಯ ಯಂತ್ರದ ಕಿರುಪ್ರತಿಕೃತಿಯೊಳಗೆ ಅಡಕವಾಗಿ ಅದು ಅಧಿಕೃತವಾಗಿ ಹೊರಬಂದಿತು. ಜಪಾನಿನಲ್ಲಿ 1989ರಲ್ಲಿ ಪ್ರಕಟವಾಗಿದ್ದ ‘ಮದರ್’ ಎಂಬ ಆಟದ ಇಂಗ್ಲಿಷ್ ಭಾಷಾಂತರ 1990ರಲ್ಲಿ ಪೂರ್ಣವಾಗಿದ್ದರೂ ಮಾರಾಟಕ್ಕೆ ಬರಲಿಲ್ಲ. ಒಂದು ಪ್ರಾಯೋಗಿಕ ಕಾರ್ಟ್ರಿಜ್ 1998ರಲ್ಲಿ ಸಂಗ್ರಾಹಕರ ಕೈಗೆ ಸಿಕ್ಕಿ, ಹವ್ಯಾಸಿಗಳು ಅದನ್ನು ನಕಲಿಸಿ ಹಂಚಿದ್ದರಿಂದ ಆ ಭಾಷಾಂತರ ಬದುಕಿತು. ಸಂಸ್ಥೆ ತಾನಾಗಿ ಅದನ್ನು ಪ್ರಕಟಿಸಿದ್ದು 2015ರಲ್ಲಿ. ವಿಲ್ ರೈಟ್ ರಚಿಸಿದ ‘ಸಿಮ್‌ಸಿಟಿ’ಯ ಎಂಟು ಬಿಟ್ಟಿನ ನಿಂಟೆಂಡೊ ರೂಪವನ್ನು 1991ರ ಪ್ರದರ್ಶನವೊಂದರಲ್ಲಿ ತೋರಿಸಿ ಕೈಬಿಟ್ಟಿದ್ದರು, ಅದರ ಪ್ರತಿಗಳು 2017ರಲ್ಲಿ ಸಿಕ್ಕು, ಮರುವರ್ಷ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯ ಯತ್ನದಿಂದ ಸಾರ್ವಜನಿಕರಿಗೆ ದೊರೆಯಿತು. ಈ ಮೂರರಲ್ಲಿಯೂ ಉಳಿವಿಗೆ ಕಾರಣವಾದ ಪ್ರತಿ ಎಲ್ಲಿದ್ದಿತೆಂಬುದನ್ನು ವಿಚಾರಿಸಿದರೆ, ಎರಡರಲ್ಲಿ ಅದು ಖಾಸಗಿಯವರ ಬಳಿಯಲ್ಲಿದ್ದಿತೆಂಬುದು ಗಮನಾರ್ಹ.

ಮಾರಾಟವಾಗಿಯೂ ಕಳೆದುಹೋದವುಗಳಿಗೆ ಉದಾಹರಣೆ, ಅಟಾರಿ 2600ರ ‘ರೆಡ್ ಸೀ ಕ್ರಾಸಿಂಗ್’. 1983ರಲ್ಲಿ ಧಾರ್ಮಿಕ ಪತ್ರಿಕೆಯ ಜಾಹೀರಾತಿನ ಮೂಲಕ ಅಂಚೆಯಲ್ಲಿ ಮಾರಿದ ಈ ಆಟ ಸಂಗ್ರಾಹಕರಿಗೇ ಅಜ್ಞಾತವಾಗಿದ್ದು, 2007ರಲ್ಲಿ ಒಂದು ಮನೆಯ ಹಳೆಯ ಸಾಮಾನಿನ ಮಾರಾಟದಲ್ಲಿ ಪತ್ತೆಯಾಯಿತು. ಇದಕ್ಕಿಂತ ಕ್ಲಿಷ್ಟವಾದದ್ದು ಗಾಳಿಯಲ್ಲಿ ಬಂದು ಗಾಳಿಯಲ್ಲಿ ಹೋದ ಆಟಗಳ ವಿಚಾರ. ನೆದರ್ಲೆಂಡ್ಸಿನ ‘ಹಾಬಿಸ್ಕೂಪ್’ ಕಾರ್ಯಕ್ರಮದಲ್ಲಿಯೂ ಯುಗೊಸ್ಲಾವಿಯದ ಬೆಲ್‌ಗ್ರೇಡಿನ ‘ವೆಂಟಿಲೇಟರ್ 202’ ಕಾರ್ಯಕ್ರಮದಲ್ಲಿಯೂ ಗಣಕದ ಪ್ರೋಗ್ರಾಮುಗಳನ್ನು ಧ್ವನಿಯಾಗಿ ರೇಡಿಯೋದಲ್ಲಿ ಬಿತ್ತರಿಸುತ್ತಿದ್ದರು, ಶ್ರೋತೃಗಳು ಟೇಪಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಿಡಿದುಕೊಂಡವರಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಜಪಾನಿನಲ್ಲಿ 1995ರಿಂದ 2000ದವರೆಗೆ ನಡೆದ ಸ್ಯಾಟೆಲಾವ್ಯೂ ಸೇವೆಯಲ್ಲಿ ಉಪಗ್ರಹದ ಮೂಲಕ ಬಂದ ಆಟಗಳು ಒಂದು ಚಿಕ್ಕ ಸ್ಮೃತಿಪೆಟ್ಟಿಗೆಯಲ್ಲಿ ಕೂರುತ್ತಿದ್ದವು, ಮುಂದಿನ ಆಟ ಬಂದೊಡನೆ ಹಿಂದಿನದು ಅಳಿಯುತ್ತಿದ್ದಿತು. ಕೆಲವು ಆಟಗಳಿಗೆ ನಟರ ಧ್ವನಿ ಅದೇ ಹೊತ್ತಿನ ಪ್ರಸಾರವಾಗಿ ಬರುತ್ತಿದ್ದುದರಿಂದ, ಪೆಟ್ಟಿಗೆಯೊಳಗಿನ ಪ್ರತಿ ಸಿಕ್ಕರೂ ಕೃತಿ ಮೂಕವಾಗಿಯೇ ಸಿಗುತ್ತದೆ.

ಕೃತಿ ಉಳಿದಿದೆಯೆಂದು ತಿಳಿದಾಗಲೂ ಅದನ್ನು ಓದಿಸುವುದು ಬೇರೆಯೇ ವಿದ್ಯೆ. ಸ್ಪೆಕ್ಟ್ರಂ ಗಣಕದ ಕ್ಯಾಸೆಟ್ಟೊಂದನ್ನು ತೆಗೆದುಕೊಳ್ಳೋಣ. ಟೇಪ್ ಓಡತೊಡಗಿದಾಗ ಸುಮಾರು ಐದು ಸೆಕೆಂಡುಗಳ ಕಾಲ, ಸೆಕೆಂಡಿಗೆ ಸುಮಾರು 800 ಕಂಪನಗಳ ಏಕಸ್ವರ ಕೇಳಿಬರುತ್ತದೆ, ಟಿ.ವಿ. ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಹರಿಯುತ್ತವೆ. ಒಡನೆಯೇ ಕರ್ಕಶವಾದ ಒಂದು ಕಿರು ಧ್ವನಿ ಬಂದು ಪಟ್ಟೆಗಳು ನೀಲಿ ಹಳದಿಗೆ ತಿರುಗುತ್ತವೆ. ಅದರಲ್ಲಿ ಪ್ರೋಗ್ರಾಮಿನ ಹೆಸರೂ ಉದ್ದವೂ ಅಡಗಿರುತ್ತವೆ. ಮತ್ತೆ ಏಕಸ್ವರ, ಮತ್ತೆ ಕರ್ಕಶಧ್ವನಿ. ಈ ಸಲದ್ದು ನಿಮಿಷಗಟ್ಟಲೆ ನಡೆಯುತ್ತದೆ, ಏಕೆಂದರೆ ಇದೇ ಆಟ. ಪ್ರತಿ ಖಂಡದ ಕಟ್ಟಕಡೆಯಲ್ಲಿ ಒಂದು ತಾಳೆಯ ಅಂಕಿಯಿರುತ್ತದೆ. ಅದುವರೆಗೆ ಓದಿದ್ದಕ್ಕೂ ಅದಕ್ಕೂ ಹೊಂದದಿದ್ದರೆ ಗಣಕವು ಟೇಪ್ ದೋಷವೆಂದು ಘೋಷಿಸಿ ನಿಲ್ಲುತ್ತದೆ. ಸಾವಿರಾರು ಅಂಕಿಗಳಲ್ಲಿ ಒಂದೇ ಒಂದು ತಪ್ಪಿದರೂ ಫಲ ಅದೇ. ಕಾಗದದ ಹಸ್ತಪ್ರತಿಯಲ್ಲಿ ಗೆದ್ದಲು ತಿಂದ ಅಕ್ಷರವನ್ನು ವಿದ್ವಾಂಸನು ಛಂದಸ್ಸಿನಿಂದಲೋ ಅರ್ಥದಿಂದಲೋ ಊಹಿಸಿ ತುಂಬಬಲ್ಲನು. ಇಲ್ಲಿ ಊಹೆಗೆ ಎಡೆ ತೀರ ಕಡಿಮೆ. ಆದುದರಿಂದ ತಜ್ಞರು ಟೇಪನ್ನು ಹಳೆಯ ಗಣಕಕ್ಕೆ ನೇರವಾಗಿ ಕೊಡುವುದಿಲ್ಲ. ಒಳ್ಳೆಯ ಡೆಕ್ಕಿನಲ್ಲಿ, ಟೇಪನ್ನು ಓದುವ ತಲೆಯ ಓರೆಯನ್ನು ಪುಟ್ಟ ಸ್ಕ್ರೂ ತಿರುಗಿಸಿ ಸರಿಪಡಿಸಿ, ಧ್ವನಿಯನ್ನು ಹಾಗೆಯೇ ಹೊಸ ಗಣಕದಲ್ಲಿ ಮುದ್ರಿಸಿಕೊಂಡು, ಬಳಿಕ ಅದರ ತರಂಗರೂಪದಿಂದ ಅಂಕಿಗಳನ್ನು ತೆಗೆಯುತ್ತಾರೆ. ಫ್ಲಾಪಿಗಾದರೆ ಅದರ ಮೇಲಿನ ಕಾಂತೀಯ ಏರಿಳಿತಗಳನ್ನೇ ಇದ್ದಂತೆ ಸೆರೆಹಿಡಿಯುವ ಕ್ರಯೋಫ್ಲಕ್ಸ್, ಗ್ರೀಸ್‌ವೀಜಲ್ ಮೊದಲಾದ ಉಪಕರಣಗಳಿವೆ. ಪ್ರಾಯೋಗಿಕ ಕಾರ್ಟ್ರಿಜುಗಳಲ್ಲಿ ಬಳಸುತ್ತಿದ್ದ ಇಪ್ರಾಮ್ ಚಿಪ್ಪಿಗೆ ನೆತ್ತಿಯಲ್ಲಿ ಒಂದು ಗಾಜಿನ ಕಿಟಕಿಯಿರುತ್ತದೆ. ಅತಿನೇರಳೆ ಬೆಳಕು ಅದರೊಳಗೆ ಬಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಕಿಟಕಿಯ ಮೇಲೆ ಅಂಟಿಸಿದ ಕಾಗದದ ಚೂರು ಅಲಂಕಾರಕ್ಕಲ್ಲ, ಅದೇ ಆಟದ ರಕ್ಷೆ. ಕುತೂಹಲದಿಂದ ಅದನ್ನು ಕಿತ್ತು ನೋಡಬಾರದು.

ಈ ಬಗೆಯ ಆಟಗಳ ಅನ್ವೇಷಣೆಯಲ್ಲಿ ಹೆಸರಾದವರಲ್ಲಿ ಇಂಗ್ಲೆಂಡಿನ ಫ್ರ್ಯಾಂಕ್ ಗ್ಯಾಸ್ಕಿಂಗ್ ಒಬ್ಬರು. ಬಾರದ ಆಟಗಳ ಬಗ್ಗೆ ಅವರ ಬೃಹದ್ಗ್ರಂಥ 2020ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ರಾಚೆಸ್ಟರಿನ ಸ್ಟ್ರಾಂಗ್ ವಸ್ತುಸಂಗ್ರಹಾಲಯ, ಜರ್ಮನಿಯಲ್ಲಿ ಬರ್ಲಿನ್ನಿನ ಗಣಕಕ್ರೀಡಾ ವಸ್ತುಸಂಗ್ರಹಾಲಯ ಇಂಥ ಸಾಮಗ್ರಿಯನ್ನು ಸಂಗ್ರಹಿಸುತ್ತಿವೆ. ಫ್ರಾನ್ಸಿನಲ್ಲಿ ಇದು ಶಾಸನದ ಮಾತೇ ಆಗಿದೆ: 1992ರ ಕಾಯಿದೆಯ ಅನ್ವಯ ಅಲ್ಲಿ ಪ್ರಕಟವಾಗುವ ವಿಡಿಯೋ ಗೇಮುಗಳು ಪುಸ್ತಕಗಳಂತೆಯೇ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಬೇಕು. ಭಾರತದಲ್ಲಿ ಪ್ರಕಾಶಕರು ಗ್ರಂಥಾಲಯಗಳಿಗೆ ಪ್ರತಿ ಸಲ್ಲಿಸಬೇಕೆಂಬ 1954ರ ಅಧಿನಿಯಮ ಪುಸ್ತಕಗಳಿಗೂ ಪತ್ರಿಕೆಗಳಿಗೂ ಸಂಬಂಧಿಸಿದ್ದು. ಆಟಗಳು ಅದರ ಹೊರಗೆ ಉಳಿದಿವೆ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿ ಇಂದು ಇಲ್ಲ, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪಿತವಾದದ್ದು ಅದಾದ 30 ವರ್ಷಗಳ ಮೇಲೆ, 1964ರಲ್ಲಿ. ಆಟಗಳ ವಿಷಯದಲ್ಲಿ ನಾವು ಇನ್ನೂ ಅಂಥ ಸಂಗ್ರಹಾಲಯ ಹುಟ್ಟುವುದಕ್ಕೆ ಹಿಂದಿನ ಕಾಲದಲ್ಲಿಯೇ ಇದ್ದೇವೆ. ಕೃತಿಸ್ವಾಮ್ಯದ ತೊಡಕೂ ಅಲ್ಪವಲ್ಲ. 1957ರ ಅಧಿನಿಯಮವು ಗಣಕದ ಪ್ರೋಗ್ರಾಮನ್ನು ಸಾಹಿತ್ಯಕೃತಿಯೆಂದು ಪರಿಗಣಿಸುತ್ತದೆ, ಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ ನಡೆಯುತ್ತದೆ. ನ್ಯಾಯವಾಗಿ ಪ್ರತಿಯನ್ನು ಹೊಂದಿರುವವನು ನಷ್ಟದಿಂದ ರಕ್ಷಿಸಿಕೊಳ್ಳಲು ನಕಲು ಮಾಡಿಕೊಳ್ಳಬಹುದೆಂದು 52ನೆಯ ಪ್ರಕರಣ ಹೇಳುತ್ತದೆಯೇ ಹೊರತು ಅದನ್ನು ಹಂಚಬಹುದೆಂದು ಹೇಳುವುದಿಲ್ಲ. ಮುಚ್ಚಿಹೋದ ಸಂಸ್ಥೆಯ ಹಕ್ಕು ಯಾರದೆಂದು ತಿಳಿಯದ ಆಟಕ್ಕೆ ಅನುಮತಿ ಕೇಳುವುದಾದರೂ ಯಾರನ್ನು? ಅಮೆರಿಕದಲ್ಲಿ ಹಿಂದೆ ಪ್ರಕಟವಾದ ಆಟಗಳಲ್ಲಿ ಶೇಕಡ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲವೆಂದು 2023ರ ಸಮೀಕ್ಷೆಯೊಂದು ಕಂಡುಹಿಡಿದಿದೆ. ಪ್ರಕಟವಾದವುಗಳ ಗತಿಯೇ ಇದು.

ಭಾರತಕ್ಕೆ ಗೃಹಗಣಕಗಳು ತಡವಾಗಿಯೂ ವಿರಳವಾಗಿಯೂ ಬಂದವು. 1984-85ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಯೋಜನೆಯನ್ನು ಪ್ರಾಯೋಗಿಕವಾಗಿ 250 ಶಾಲೆಗಳಲ್ಲಿ ಆರಂಭಿಸಿ, ಬಿಬಿಸಿ ಮೈಕ್ರೊ ಗಣಕಗಳನ್ನು ಕೊಟ್ಟಿತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನೇ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಜೋಡಿಸಿತು. ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ 1986ರ ಸುಮಾರಿಗೆ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಂ ಪ್ಲಸ್’ ಗಣಕವನ್ನು ಮಾರಿತು. ಕನ್ಸೋಲುಗಳಲ್ಲಿ ಜನಸಾಮಾನ್ಯರನ್ನು ಮುಟ್ಟಿದ್ದು ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದ ಹೆಸರಿನ ಎಂಟು ಬಿಟ್ಟಿನ ಯಂತ್ರಗಳು. ನಮ್ಮಲ್ಲಿ ‘ಕ್ಯಾಸೆಟ್’ ಎಂದೇ ರೂಢಿಯಾದ ಅವುಗಳ ಕಾರ್ಟ್ರಿಜುಗಳಲ್ಲಿ ಎಷ್ಟೋ ತೈವಾನ್ ಮತ್ತು ಹಾಂಗ್‌ಕಾಂಗಿನಲ್ಲಿ, ನಿಂಟೆಂಡೊ ಅನುಮತಿಯಿಲ್ಲದೆ, ಕರ್ತೃವಿನ ಹೆಸರನ್ನೂ ಕಾಣಿಸದೆ ತಯಾರಾದವು. ಪಾಶ್ಚಾತ್ಯ ಸಂಗ್ರಾಹಕರ ಪಟ್ಟಿಗಳಲ್ಲಿ ಇವು ಅಪೂರ್ಣವಾಗಿ ದಾಖಲಾಗಿರುವುದರಿಂದ, ಭಾರತದ ಮನೆಗಳಲ್ಲಿ ಹೊಸದಾಗಿ ಏನಾದರೂ ದೊರೆಯುವುದಾದರೆ ಅದು ಲಿವರ್‌ಪೂಲಿನ ಕರಡು ಪ್ರತಿಯಾಗಿರುವುದಕ್ಕಿಂತ ಇಂಥ ಅನಾಮಧೇಯ ಕಾರ್ಟ್ರಿಜ್ ಆಗಿರುವ ಸಂಭವ ಹೆಚ್ಚು. ಶಾಲೆಯ ಗಣಕದಲ್ಲಿ ವಿದ್ಯಾರ್ಥಿಗಳು ಬೇಸಿಕ್ ಭಾಷೆಯಲ್ಲಿ ಬರೆದ ಸಣ್ಣ ಆಟಗಳೂ ಅಷ್ಟೇ ಮುಖ್ಯ. ಲೋಕದಲ್ಲಿ ಅವುಗಳಿಗೆ ಎರಡನೆಯ ಪ್ರತಿಯಿರುವುದಿಲ್ಲ.

ಕರ್ನಾಟಕದಲ್ಲಿ ಪ್ರಕಟವಾಗದ ಆಟದ ಸ್ಪಷ್ಟವಾದ ಉದಾಹರಣೆ ಬೆಂಗಳೂರಿನದು. 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ದೇಶದ ಮೊದಲ ಆಟ-ತಯಾರಿಕಾ ಸಂಸ್ಥೆಗಳಲ್ಲೊಂದು, ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಪಿಸಿ ರೂಪಾಂತರವನ್ನು ಕೈಗೊಂಡಿತು. ಅದೇ ಆಟ 1998ರಲ್ಲಿ ನಿಂಟೆಂಡೊ 64 ಯಂತ್ರಕ್ಕೂ 1999ರಲ್ಲಿ ಪ್ಲೇಸ್ಟೇಷನ್ನಿಗೂ ಬಂದಿತು. ಪಿಸಿಯ ಆವೃತ್ತಿ ಅಂಗಡಿಯನ್ನು ಕಾಣಲಿಲ್ಲ. ಭಾರತೀಯ ತಂಡವೊಂದು ಅಂತರರಾಷ್ಟ್ರೀಯ ಮಟ್ಟದ ಆಟದ ಮೇಲೆ ದುಡಿದ ಆದ್ಯ ಪ್ರಯತ್ನಗಳಲ್ಲಿ ಒಂದು ಹೀಗೆ ಓದುಗರ ಮುಂದೆ ಬಾರದ ಹಸ್ತಪ್ರತಿಯ ಪಾಡನ್ನು ಪಡೆಯಿತು. ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ನಮ್ಮ ನಾಡಿನ ಗಣಕವಿದ್ಯೆಯ ಚರಿತ್ರೆಯನ್ನು ಬರೆಯುವವರು ರಫ್ತಿನ ಅಂಕಿಗಳಿಗೆ ಕೊಡುವ ಆದರದಲ್ಲಿ ಒಂದು ಪಾಲನ್ನು ಈ ಪ್ರಯತ್ನಕ್ಕೂ ಕೊಡಬೇಕು. ಅದರಲ್ಲಿ ದುಡಿದವರ ನೆನಪುಗಳನ್ನು ಅವರು ನಮ್ಮೊಡನಿರುವಾಗಲೇ ಬರೆದಿಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ಈ ವಿಷಯಕ್ಕೆ ದೂರವೆಂದು ತೋರಬಹುದು, ವಿಚಾರಿಸಿದರೆ ಹಾಗಲ್ಲ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯಿಂದ ದಾಂಡೇಲಿಗೂ, ಕಾಳಿ ನದಿಯ ವಿದ್ಯುತ್ ಯೋಜನೆಗಳಿಂದ ಅಂಬಿಕಾನಗರ ಮತ್ತು ಗಣೇಶಗುಡಿಗಳಿಗೂ ದೇಶದ ನಾನಾ ಕಡೆಯ ಇಂಜಿನಿಯರುಗಳೂ ತಂತ್ರಜ್ಞರೂ ಬಂದು ನೆಲಸಿದರು. ಹೊರಗಿನ ನಗರಗಳೊಡನೆ ಸಂಪರ್ಕವುಳ್ಳ ಇಂಥ ಕಾಲೊನಿಯ ಮನೆಗಳಲ್ಲಿಯೇ 1980ರ ಮತ್ತು 1990ರ ದಶಕಗಳ ಗಣಕ, ಕನ್ಸೋಲು, ಟೇಪುಗಳು ಇದ್ದಿರಬಹುದಾದ ಸಂಭವ. ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುವಾಗ ಪಾತ್ರೆ ಪಗಡ ಲಾರಿ ಹತ್ತುತ್ತವೆ, ಮಕ್ಕಳು ಆಡಿಬಿಟ್ಟ ಪೆಟ್ಟಿಗೆ ಗುಜರಿಯವನ ಗಾಡಿ ಹತ್ತುತ್ತದೆ. ಉಳಿದದ್ದಕ್ಕೆ ಇಲ್ಲಿಯ ಮಳೆ ಶತ್ರು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 65ನ್ನು ಮೀರಿ ನಿಂತಲ್ಲಿ ಕಾಂತೀಯ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಜೋಯಿಡಾ ಕಾಡಿನ ಊರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗಿದ ಗಾಳಿಯೆಂಬುದೇ ಅಪರೂಪ. ಹಳಿಯಾಳ ಮುಂಡಗೋಡಗಳ ಬಯಲು ಭಾಗ ಈ ದೃಷ್ಟಿಯಿಂದ ಸ್ವಲ್ಪ ಮೇಲು.

ಮುಂಡಗೋಡದಲ್ಲಿ 1966ರಿಂದ ನೆಲಸಿರುವ ಟಿಬೆಟನ್ನರ ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಸಂರಕ್ಷಣೆಯ ಒಂದು ಪರಂಪರೆಯನ್ನು ನಮ್ಮ ಮನೆಬಾಗಿಲಿಗೇ ತಂದಿವೆ. ಬೌದ್ಧಾಚಾರ್ಯರ ಎಷ್ಟೋ ಸಂಸ್ಕೃತ ಗ್ರಂಥಗಳು ಮೂಲದಲ್ಲಿ ನಷ್ಟವಾಗಿ ಟಿಬೆಟನ್ ಭಾಷಾಂತರದಲ್ಲಿ ಮಾತ್ರ ಉಳಿದಿವೆ. ಆ ಭಾಷಾಂತರಗಳನ್ನು ಮತ್ತೆ ಮತ್ತೆ ಅಚ್ಚುಹಾಕಿ ಹಲವು ವಿಹಾರಗಳಲ್ಲಿ ಇಟ್ಟಿದ್ದರಿಂದಲೇ ದೇಶ ಬಿಟ್ಟು ಬಂದಮೇಲೂ ಗ್ರಂಥ ಉಳಿಯಿತು. ಆಟಗಳನ್ನು ಉಳಿಸುವವರೂ ಈಗ ಇದೇ ಮಾರ್ಗವನ್ನು ಹಿಡಿದಿದ್ದಾರೆ: ಒಂದು ಪ್ರತಿಯನ್ನು ಪೂಜಿಸುವುದಕ್ಕಿಂತ ಹತ್ತು ಕಡೆ ಹತ್ತು ನಕಲುಗಳನ್ನು ಇಡುವುದು.

ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ಯಾರ ಅಟ್ಟದ ಮೇಲಾದರೂ ಹಳೆಯ ಗಣಕದ ಟೇಪು, ಫ್ಲಾಪಿ, ಹೆಸರಿಲ್ಲದ ಕಾರ್ಟ್ರಿಜ್ ಇದ್ದರೆ, ಅದನ್ನು ಆಡಿಸಿ ನೋಡುವ ಆತುರವನ್ನು ತಡೆದುಕೊಳ್ಳಬೇಕು. ಬೂಷ್ಟು ಹಿಡಿದ ಟೇಪು ಓಡಿದರೆ ಲೇಪ ಕಿತ್ತುಬರುತ್ತದೆ. ಮೇಲಿನ ಚೀಟಿಯನ್ನೂ ಕೈಬರಹವನ್ನೂ ಒರೆಸದೆ ಛಾಯಾಚಿತ್ರ ತೆಗೆದು, ಯಾರು ಎಲ್ಲಿ ಯಾವಾಗ ಕೊಂಡದ್ದೆಂದು ತಿಳಿದಷ್ಟನ್ನು ಒಂದು ಕಾಗದದಲ್ಲಿ ಬರೆದು, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಮೊದಲ ರಕ್ಷೆ ಆಯಿತು. ನಕಲು ತೆಗೆಯುವ ಕೆಲಸವನ್ನು ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಂಥ ಬಲ್ಲವರು ಕೈಗೆತ್ತಿಕೊಳ್ಳುವುದು ಅಸಾಧ್ಯವಲ್ಲ, ಅದಕ್ಕೆ ಬೇಕಾದ ಸಾಧನಗಳು ದುಬಾರಿಯೂ ಅಲ್ಲ. ಅಂಥದೊಂದು ಪೆಟ್ಟಿಗೆ ಮನೆಯಲ್ಲಿರುವವರು ಬರುವ ಮಳೆಗಾಲಕ್ಕೆ ಮುನ್ನ ಅದನ್ನು ಕೆಳಗಿಳಿಸಿ, ತೆರೆದು ನೋಡಬೇಕೆಂದು ವಿನಂತಿ.